ಯಾರನ್ನು ಯಾರು ಎಬ್ಬಿಸಬೇಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಪುಣ್ಯವಂತರು. ಅವರ ಕಾಲಕ್ಕೆ ಕಂಪ್ಯೂಟರ್ ಇರಲಿಲ್ಲ. ಇದ್ದಿದ್ದರೆ ಆ ಗಾದೆಗೆ ಮೂರನೆಯ ತುಂಡೊಂದು ಸೇರುತ್ತಿತ್ತು, ಸೇರಿಸುವವಳು ಬೀದರ ನೌಬಾದದ ಫರಹತಳೇ ಆಗಿರುತ್ತಿದ್ದಳು.

ಫರಹತ ಮನೆಯ ಮುಂದಿನ ಕೋಣೆಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದಳು. ಬಂದ ವರಗಳನ್ನೆಲ್ಲ ಒಂದೊಂದು ನೆವ ಹೇಳಿ ವಾಪಸು ಕಳಿಸಿ, ಕೊನೆಗೆ ಅಂಗಡಿಯ ಜೊತೆಗೇ ನಿಕಾಹ್ ಮಾಡಿಕೊಂಡಳು ಎಂದು ಓಣಿಯವರು ನಗುತ್ತಿದ್ದರು; ಅವಳೂ ನಗುತ್ತಿದ್ದಳು. ಅವಳ ಕೈಕೆಲಸದ ಹೆಸರು ಮಾತ್ರ ಭಾಲ್ಕಿ, ಔರಾದದವರೆಗೂ ಹೋಗಿತ್ತು. ಒಂದೇ ಲಗ್ನಪತ್ರಿಕೆಯಲ್ಲಿ ಕನ್ನಡವನ್ನು ಎಡದಿಂದ, ಉರ್ದುವನ್ನು ಬಲದಿಂದ ಹೊರಡಿಸಿ, ನಡುವೆ ವಧೂವರರ ಹೆಸರಿನ ಹತ್ತಿರ ಎರಡನ್ನೂ ಭೇಟಿ ಮಾಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಊರವರ ಮದುವೆಗೆಲ್ಲ ಕಾರ್ಡು ಮಾಡಿಕೊಟ್ಟವಳಿಗೆ ಈಗ ಸ್ವಂತ ತಂಗಿ ನಾಹೀದಳ ಕಾರ್ಡು ಮಾಡುವ ಪಾಳಿ ಬಂದಿತ್ತು. ಹುಡುಗ ಔರಾದದವನು, ಮನೆತನ ಒಳ್ಳೆಯದು, ತಾರೀಖೂ ಗೊತ್ತಾಗಿತ್ತು. ಗೊತ್ತಾಗದೆ ಉಳಿದದ್ದು ಒಂದೇ: ಭಾಲ್ಕಿಯ ಖಾಲಾ ಈ ಮದುವೆಗೆ ಬರುತ್ತಾರೋ ಇಲ್ಲವೋ.

ಖಾಲಾ ಎಂದರೆ ಅವಳ ತಾಯಿಯ ತಂಗಿ ಕುಲಸುಮಬೀ. ಅಮ್ಮಿ ಖುರ್ಷಿದ ಬೇಗಂ ಮತ್ತು ಈ ಖಾಲಾ, ಇಬ್ಬರೂ ಸಂತಪುರದಲ್ಲಿ ಹುಟ್ಟಿ ಬೆಳೆದವರು. ಮನೆಯ ಮಾತು ದಖನಿ ಉರ್ದು. ಆದರೆ ಸುತ್ತ ಕನ್ನಡದ ಮನೆಗಳೇ ಇದ್ದುದರಿಂದ ಅಕ್ಕತಂಗಿಯರಿಗೆ ಜಗಳಕ್ಕೂ ಜೀವದ ಮಾತಿಗೂ ಕನ್ನಡವೇ ಬೇಕಾಗುತ್ತಿತ್ತು. ಅಣ್ಣತಮ್ಮಂದಿರಿಲ್ಲ, ಹಡೆದವರು ಹೋಗಿ ಎಷ್ಟೋ ಕಾಲವಾಗಿತ್ತು. ಸಂತಪುರದಲ್ಲಿ ಅವರದೆಂದು ಒಂದು ಬಾಗಿಲೂ ಉಳಿದಿರಲಿಲ್ಲ. ಹೀಗಾಗಿ ಅಕ್ಕನಿಗೆ ತಂಗಿಯೇ ತವರು, ತಂಗಿಗೆ ಅಕ್ಕನೇ ತವರು.

ಅವರ ಮನೆತನದಲ್ಲಿ ಒಂದು ರೂಢಿ ಇತ್ತು. ಗಂಡ ತೀರಿಕೊಂಡ ಹೆಂಗಸು ಇದ್ದತ್ ಕೂಡುತ್ತಾಳಲ್ಲ, ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ, ಅದು ಮುಗಿದ ದಿನ ತವರಿನ ಹೆಂಗಸೊಬ್ಬಳು ಬಂದು, ಹೊಸ ಸೀರೆ ಹೊದಿಸಿ, ಕೈ ಹಿಡಿದು, ಕೂತ ಜಾಗದಿಂದ ಅವಳನ್ನು ಎಬ್ಬಿಸಬೇಕು. ಎಬ್ಬಿಸಲು ಬಂದವಳು ತಾನೇ ಕೂತವಳಾಗಿರಬಾರದು. ಇದು ಯಾವ ಕಿತಾಬಿನಲ್ಲಿದೆ ಎಂದು ಕೇಳಿದರೆ ಮೌಲವಿ ಸಾಹೇಬರು ನಕ್ಕುಬಿಡುತ್ತಾರೆ. ಕಿತಾಬಿನಲ್ಲಿಲ್ಲದ ರೂಢಿಗಳೇ ಮನುಷ್ಯರನ್ನು ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ, ಏನು ಮಾಡುವುದು.

ಎರಡು ವರ್ಷದ ಹಿಂದೆ ಫರಹತಳ ಅಬ್ಬಾ ನಜಮೋದ್ದೀನ ತೀರಿಕೊಂಡರು. ತಿಂಗಳು ತುಂಬುವುದರೊಳಗೆ ಭಾಲ್ಕಿಯಲ್ಲಿ ಖಾಲಾನ ಗಂಡ ಕಲೀಮ ಹೋದರು. ಅಕ್ಕ ಇಲ್ಲಿ ಕೂತರು, ತಂಗಿ ಅಲ್ಲಿ ಕೂತರು. ಅಕ್ಕನ ಇದ್ದತ್ ಮುಗಿದ ದಿನ, ಬಂದು ಎಬ್ಬಿಸಬೇಕಾದ ತಂಗಿ ಇನ್ನೂ ಒಳಗೇ ಇದ್ದರು. ತಂಗಿಯದು ಮುಗಿದಾಗ ಅಕ್ಕ, ನನ್ನನ್ನೇ ಯಾರೂ ಎಬ್ಬಿಸಿಲ್ಲ, ನಾನು ಹೋಗಿ ಅವಳನ್ನು ಎಬ್ಬಿಸಿದರೆ ಅಪಶಕುನವಾದೀತು, ಮೊದಲು ಅವಳು ಬರಲಿ ಎಂದರು. ತಂಗಿ, ಆಪಾ ಮೊದಲು ಹೊರಗೆ ಬಂದವಳು, ಹಿರಿಯಳು, ಕೂತಿರುವ ನಾನು ಹೋಗುವುದು ಹೇಗೆ, ಮೊದಲು ಅವಳೇ ಬರಲಿ ಎಂದರು. ಕೆಲವು ದಿನ ಫೋನಿನಲ್ಲಿ ಇಬ್ಬರೂ ಅತ್ತರು. ಒಮ್ಮೆ ಅಳುವಿನ ನಡುವೆ ನೀ ಬರಲಿಲ್ಲ ಎಂಬ ಮಾತು ಬಂತು, ನೀ ಬಂದಿಯೇನು ಎಂಬ ಉತ್ತರವೂ ಬಂತು. ಅಲ್ಲಿಗೆ ಫೋನೂ ನಿಂತಿತು.

ಅಮ್ಮಿ ಎದ್ದು ಓಡಾಡಲಿಲ್ಲ ಎಂದಲ್ಲ. ಅಡುಗೆ ಮಾಡಿದರು, ಬಜಾರಕ್ಕೆ ಹೋದರು, ನಾಹೀದಳಿಗೆ ಗಂಡು ನೋಡಿದರು. ಆದರೆ ಯಾರ ಮನೆಯ ಶುಭಕಾರ್ಯಕ್ಕೂ ಕಾಲಿಡಲಿಲ್ಲ, ಯಾಕೆ ಎಂದು ಕೇಳಿದರೆ ಮೊಣಕಾಲು ನೋವು ಎನ್ನುತ್ತಿದ್ದರು. ಪಕ್ಕದ ಮನೆಯ ಸುಂದರಬಾಯಿ ನಡುವೆ ಬಿದ್ದು ಬಗೆಹರಿಸಲು ನೋಡಿ ಸೋತು, ಕೊನೆಗೆ ಒಂದು ಮಾತು ಹೇಳಿ ಕೈ ತೊಳೆದುಕೊಂಡಿದ್ದಳು: ಇಬ್ಬರಲ್ಲಿ ಒಬ್ಬರದಾದರೂ ತಪ್ಪಿದ್ದಿದ್ದರೆ ಇದು ಯಾವತ್ತೋ ಮುಗಿಯುತ್ತಿತ್ತು, ಇಬ್ಬರದೂ ಸರಿ ಇರುವುದರಿಂದಲೇ ಕೆಟ್ಟಿದೆ ಎಂದು.

ಹೀಗಿರುವಾಗ ಕಾರ್ಡಿನ ಕೆಲಸ ಬಂತು. ಫರಹತ ಎಲ್ಲ ಬರೆದು ಕೊನೆಯಲ್ಲಿ, 'ತಮ್ಮ ಸುಖಾಗಮನ ಬಯಸುವವರು' ಎಂಬುದರ ಕೆಳಗೆ ಖುರ್ಷಿದ ಬೇಗಂ ಎಂದು ಹಾಕಿ ತೋರಿಸಿದಳು. ಅಮ್ಮಿ ಕನ್ನಡಕ ಹಾಕಿಕೊಂಡು ಓದಿ, ಒಂಟಿ ಹೆಸರು ಚಂದ ಕಾಣುವುದಿಲ್ಲ, ಆ ಜಾಗ ಸದ್ಯ ಖಾಲಿ ಬಿಡು ಎಂದರು. ಅಬ್ಬಾ ಇದ್ದಿದ್ದರೆ ಒಂಟಿಯಾಗುತ್ತಿರಲಿಲ್ಲ. ಫರಹತ ಖಾಲಿ ಬಿಟ್ಟಳು. ಖಾಲಾನಿಗೆ ಕಾರ್ಡು ಯಾರು ಒಯ್ದು ಕೊಡಬೇಕು ಎಂಬ ಪ್ರಶ್ನೆ ಇಬ್ಬರ ನಾಲಿಗೆಯ ಮೇಲೂ ಇತ್ತು. ದುಃಖದಲ್ಲಿ ಹೋಗಿ ಮಾತಾಡಿಸದ ಮನೆಗೆ ಸಂತೋಷದ ಕಾರ್ಡು ಹಿಡಿದುಕೊಂಡು ಹೋಗುವುದು ಯಾವ ಮುಖದಿಂದ.

ಇನ್ನು ಆ ಕಂಪ್ಯೂಟರಿನ ವಿಷಯ. ಅದರಲ್ಲಿದ್ದ ವ್ಯವಸ್ಥೆ ಎಲ್ಲರ ಕಂಪ್ಯೂಟರಿನ ಹಾಗಿರಲಿಲ್ಲ. ಅದನ್ನು ಹಾಕಿಕೊಟ್ಟವನು ಖಾಲಾನ ಮಗ ಏಜಾಜ. ಭಾಲ್ಕಿಯಲ್ಲಿ ಅವನದು ಕಂಪ್ಯೂಟರ್ ರಿಪೇರಿಯ ಅಂಗಡಿ, ತಲೆತುಂಬ ತನ್ನದೇ ಒಂದು ಹುಚ್ಚು. ಪಾಕೀಟಿನ ಹಿಟ್ಟು ತಂದು ರೊಟ್ಟಿ ಬಡಿಯುವವರು ಬೇರೆ, ಜೋಳ ಹಸನು ಮಾಡಿ ತಾವೇ ಬೀಸಿಕೊಳ್ಳುವವರು ಬೇರೆ. ಏಜಾಜ ಎರಡನೆಯ ಪಂಗಡ. ಅವನು ಹಾಕಿದ ವ್ಯವಸ್ಥೆಯಲ್ಲಿ ಯಾವ ಪ್ರೋಗ್ರಾಮೂ ಸಿದ್ಧವಾಗಿ ಬರುವುದಿಲ್ಲ. ಅದರ ಮೂಲ ಬರಹ ಬರುತ್ತದೆ, ಕಂಪ್ಯೂಟರು ಅದನ್ನು ತನ್ನ ಮೈಗೆ ತಕ್ಕಂತೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಹಳೆಯ ಯಂತ್ರಕ್ಕೂ ಹೊಸ ಜೀವ ಬರುತ್ತದೆ ಎಂದು ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಒಂದು ಪ್ಯಾಕೇಜು, ಅಂದರೆ ಪ್ರೋಗ್ರಾಮಿನ ಒಂದು ಗಂಟು, ಕಟ್ಟಬೇಕಾದರೆ ಅದಕ್ಕೆ ಬೇಕಾದ ಇನ್ನೊಂದು ಮೊದಲೇ ಇರಬೇಕು, ಆ ಇನ್ನೊಂದಕ್ಕೆ ಮತ್ತೊಂದು. ಬೀಗರ ಮನೆಯ ಊಟದಲ್ಲಿ ಯಾರನ್ನು ಯಾರ ನಂತರ ಕೂರಿಸಬೇಕು ಎಂಬಷ್ಟೇ ಸೂಕ್ಷ್ಮದ ಕೆಲಸ ಅದು.

ಎಲ್ಲವನ್ನೂ ಹೊಸತಾಗಿಸಿಕೊಂಡು ತಂಗಿಯ ಕಾರ್ಡನ್ನು ಅಚ್ಚಿಗೆ ಕಳಿಸೋಣ ಎಂದುಕೊಂಡ ಫರಹತ, ಬೆಳಿಗ್ಗೆ ಅಪ್‌ಡೇಟಿಗೆ ಹಾಕಿದಳು. ಸ್ವಲ್ಪ ಹೊತ್ತಿಗೆ ಕೆಂಪು ಅಕ್ಷರದಲ್ಲಿ ದೋಷ ಬಂತು. ಹಾರ್ಫ್‌ಬಝ್ ಎಂಬ ಪ್ಯಾಕೇಜು ಅರ್ಧಕ್ಕೆ ಕಟ್ಟಿ ನಿಂತುಬಿಟ್ಟಿತು. ಡಿಸ್ಕಿನಲ್ಲಿ ಜಾಗ ಇದೆಯೋ ನೋಡಿದಳು, ಇತ್ತು. ಹಳೆಯ ಕಸ ಅಳಿಸಿದಳು, ಮತ್ತೆ ಹಾಕಿದಳು, ಮತ್ತೆ ಅದೇ ಜಾಗದಲ್ಲಿ ನಿಂತಿತು. ದೋಷದ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದಾಗ, ಅದರ ಜೊತೆಗಾರ ಫ್ರೀಟೈಪ್ ಎಂಬ ಪ್ಯಾಕೇಜು ಹಳೆಯದಿದ್ದು ಇದಕ್ಕೂ ಅದಕ್ಕೂ ಕೂಡುತ್ತಿಲ್ಲ ಎಂದು ಗೊತ್ತಾಯಿತು.

ಇಲ್ಲಿಯವರೆಗೆ ಫರಹತ ಮಾಡಿದ್ದೆಲ್ಲ ಸರಿ. ತಪ್ಪಿದ್ದು ಇನ್ನು ಮುಂದೆ. ರಂಜಾನಿಗೆ ಮುಂಚೆ ಆ ಮನೆಯಲ್ಲಿ ಸುಣ್ಣ ಬಳಿಯುವ ಪದ್ಧತಿ ಎಂದರೆ, ಒಂದು ಚಮಚವೂ ಒಳಗುಳಿಯದಂತೆ ಸಾಮಾನೆಲ್ಲ ಅಂಗಳಕ್ಕೆ ಹಾಕಿ, ಬರಿಗೋಡೆಗೆ ಬಳಿದು, ಒಣಗಿದ ಮೇಲೆ ಎಲ್ಲ ಒಳಗೆ ತರುವುದು. ಅದೇ ಕೈ, ಅದೇ ಬುದ್ಧಿ. ಎರಡನ್ನೂ ಕಿತ್ತು ಹಾಕಿ ಮೊದಲಿನಿಂದ ಹಸನಾಗಿ ಕಟ್ಟಿದರಾಯಿತು ಎಂದು ಎರಡೂ ಪ್ಯಾಕೇಜುಗಳನ್ನು ತೆಗೆದುಹಾಕಿದಳು. ತೆಗೆದದ್ದೇ ತಡ, ಪುಟ ಜೋಡಿಸುವ ಪ್ರೋಗ್ರಾಮು ತೆರೆಯಲಿಲ್ಲ, ಬ್ರೌಸರು ತೆರೆಯಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರ ಬಿಟ್ಟರೆ ಮತ್ತೇನೂ ಉಳಿಯಲಿಲ್ಲ. ಮತ್ತೆ ಕಟ್ಟಲು ಹಾಕಿದರೆ ಯಂತ್ರ ಶುರುವೇ ಮಾಡಲಿಲ್ಲ. ಫ್ರೀಟೈಪ್ ಕಟ್ಟಬೇಕಾದರೆ ಮೊದಲು ಹಾರ್ಫ್‌ಬಝ್ ಬೇಕು, ಹಾರ್ಫ್‌ಬಝ್ ಕಟ್ಟಬೇಕಾದರೆ ಮೊದಲು ಫ್ರೀಟೈಪ್ ಬೇಕು ಎಂದು ಹೇಳಿ ಸುಮ್ಮನಾಯಿತು.

ಫ್ರೀಟೈಪ್ ಎಂದರೆ ಅಕ್ಷರದ ಆಕಾರ ಬಿಡಿಸುವುದು. ಹಾರ್ಫ್‌ಬಝ್ ಎಂದರೆ ಅಕ್ಷರಕ್ಕೆ ಅಕ್ಷರ ಕೂಡಿಸುವುದು. ಕನ್ನಡದ ಒತ್ತು ತನ್ನ ಅಕ್ಷರದ ಕೆಳಗೆ ಹೋಗಿ ಕೂರುವುದೂ, ಉರ್ದುವಿನ ಅಕ್ಷರಗಳು ಒಂದರ ಕೈ ಒಂದು ಹಿಡಿದು ಇಳಿಯುವುದೂ ಅದರಿಂದಲೇ. ಎರಡೂ ಇಲ್ಲದೆ ನಾಹೀದಳ ಕಾರ್ಡಿಲ್ಲ. ಬೇರೆ ಅಂಗಡಿಗೆ ಹೋಗಿ ಮಾಡಿಸಬಹುದಿತ್ತು. ಊರಿಗೆಲ್ಲ ಕಾರ್ಡು ಮಾಡುವವಳು ತಂಗಿಯ ಕಾರ್ಡನ್ನು ಇನ್ನೊಬ್ಬರ ಹತ್ತಿರ ಮಾಡಿಸಿದಳು ಎಂದು ನೌಬಾದ ಹತ್ತು ವರ್ಷ ಆಡಿಕೊಳ್ಳುತ್ತಿತ್ತು, ಅಷ್ಟೇ.

ಕೊನೆಗೆ ಮಧ್ಯಾಹ್ನದ ಹೊತ್ತಿಗೆ ನಾಚಿಕೆ ಬಿಟ್ಟು ಏಜಾಜನಿಗೆ ಫೋನು ಮಾಡಿದಳು. ತಾಯಂದಿರ ಮಾತು ನಿಂತ ಮೇಲೆ ಮಕ್ಕಳ ಮಾತೂ ಈದಿನ ಮುಬಾರಕ್‌ಗೆ ಇಳಿದಿತ್ತು. ಕೈಗಳು ಕೀಲಿಮಣೆಯ ಮೇಲೆ ಬೇಕಾಗಿದ್ದರಿಂದ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಳು. ಅಮ್ಮಿ ಅದೇ ಕೋಣೆಯ ಬಾಗಿಲಲ್ಲಿ ಕೂತು ಹಸಿ ತೊಗರಿಕಾಯಿ ಬಿಡಿಸುತ್ತಿದ್ದರು. ಏಜಾಜನ ದನಿ ಕೇಳಿದ್ದೇ ಮುಖ ಆ ಕಡೆ ತಿರುಗಿಸಿದರು, ಜಾಗ ಬಿಟ್ಟು ಮಾತ್ರ ಏಳಲಿಲ್ಲ.

ಎರಡನ್ನೂ ತೆಗೆದೆ ಎಂದು ಕೇಳಿ ಏಜಾಜ ಮೊದಲು ನಕ್ಕ. ಆಮೇಲೆ ಬಯ್ಯಲಿಲ್ಲ, ಅದು ಅವನ ದೊಡ್ಡ ಗುಣ.

"ನೋಡು ಫರಹತ, ಅವು ಎರಡೂ ಸುಳ್ಳು ಹೇಳವಲ್ಲವು. ಇದಕ್ಕ ಅದು ಬೇಕು, ಅದಕ್ಕ ಇದು ಬೇಕು, ಖರೇನ ಅದ. ಆದ್ರ ನೀ ಬಾ ನೀ ಬಾ ಅಂತ ಕೂತ್ರ ಕಯಾಮತ್ ತನಕಾ ಕೂತಿರ್ತಾವ."

"ಮತ್ತ ಹ್ಯಾಂಗ ಮಾಡ್ಲಿ ಭಾಯ್?"

ಏಜಾಜ ಉತ್ತರ ಹೇಳಬೇಕೆನ್ನುವಷ್ಟರಲ್ಲಿ ಫೋನಿನ ಆ ಕಡೆಯಿಂದ, ಸ್ವಲ್ಪ ದೂರದಿಂದ, ಹೆಂಗಸಿನ ದನಿಯೊಂದು ಬಂತು. ಅಲ್ಲೂ ಸ್ಪೀಕರ್ ಹಾಕಿತ್ತು ಎಂದು ಕಾಣುತ್ತದೆ.

"ಏಜಾಜ, ಹಂಗಾದ್ರ ಮೊದಲು ಯಾವುದನ್ನ ಕಟ್ಟಬೇಕೋ?"

ದನಿ ಒಡೆದು, ಕೆಮ್ಮಿನಲ್ಲಿ ಮುಗಿಯಿತು. ಅಮ್ಮಿಯ ಕೈ ತೊಗರಿಕಾಯಿಯ ಮೇಲೆ ಹಾಗೇ ನಿಂತಿತು. ಎರಡು ವರ್ಷದಲ್ಲಿ ಆ ದನಿ ಎಷ್ಟು ಮುದಿಯಾಗಿದೆ ಎಂಬುದು ಫರಹತಳಿಗೇ ತಿಳಿದಮೇಲೆ ಅಮ್ಮಿಗೆ ತಿಳಿಯದೆ ಇದ್ದೀತೇ. ಅವಳು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

"ಯಾವುದಕ್ಕ ಇನ್ನೊಂದನ್ನ ಬಿಟ್ಟು ನಿಲ್ಲಲಿಕ್ಕ ಬರ್ತದೋ ಅದನ್ನ, ಅಮ್ಮಿ," ಎಂದ ಏಜಾಜ ತನ್ನ ತಾಯಿಗೆ. ಆಮೇಲೆ ಫರಹತಳಿಗೆ ಒಂದೊಂದಾಗಿ ಹೇಳಿದ. ಫ್ರೀಟೈಪಿಗೆ, ಹಾರ್ಫ್‌ಬಝ್ ಸದ್ಯ ಬೇಡ ಎಂದು ಹೇಳಿ ಒಂದು ಸಲ ಅದನ್ನು ಬಿಟ್ಟೇ ಕಟ್ಟು. ಅದು ಅರ್ಧವೇ ಆಗಿರುತ್ತದೆ, ಆದರೆ ಆಗುತ್ತದೆ. ಅದರ ಆಧಾರದ ಮೇಲೆ ಹಾರ್ಫ್‌ಬಝ್ ಅನ್ನು ಪೂರ್ತಿ ಕಟ್ಟು. ಅದು ನಿಂತ ಮೇಲೆ ಫ್ರೀಟೈಪನ್ನು ಮತ್ತೊಂದು ಸಲ ಕಟ್ಟು, ಈ ಸಲ ಜೊತೆಗಾರನನ್ನು ಬಿಡದೆ. ಆಗ ಅದೂ ಪೂರ್ತಿಯಾಗುತ್ತದೆ.

"ಮೊದಲು ಕಟ್ಟಿದ್ದನ್ನ ಎರಡು ಸಲ ಕಟ್ಟಬೇಕಾಯ್ತು," ಎಂದಳು ಫರಹತ.

"ಹೌದಲ್ಲ. ಮೊದಲು ಹೋದವ್ರಿಗೆ ಎರಡು ಸಲದ ಕಷ್ಟ. ಇಲ್ಲಂದ್ರ ಯಾವುದೂ ಆಗಂಗಿಲ್ಲ."

ಫೋನು ಇಟ್ಟ ಮೇಲೆ ಫರಹತ ಅವನು ಹೇಳಿದಂತೆ ಮಾಡಿದಳು. ಅರ್ಧದ ಫ್ರೀಟೈಪ್ ಬೇಗನೇ ಕಟ್ಟಿತು. ಸರಿಯಾಗಿದೆಯೋ ನೋಡಲು ಫರಹತ ಅಕ್ಷರ ತೋರಿಸುವ ಹಳೆಯ ಪುಟ್ಟ ಪ್ರೋಗ್ರಾಮೊಂದನ್ನು ತೆರೆದು ಕಾರ್ಡಿನ ಮೊದಲ ಸಾಲು ಹಾಕಿದಳು. ಅಕ್ಷರಗಳು ಬಂದವು. ಒತ್ತುಗಳು ಮಾತ್ರ ತಮ್ಮ ಅಕ್ಷರದ ಕೆಳಗೆ ಹೋಗದೆ ಪಕ್ಕದಲ್ಲಿ ಬೇರೆ ಬೇರೆ ನಿಂತಿದ್ದವು. ಉರ್ದುವಿನ ಅಕ್ಷರಗಳು ಒಂದಕ್ಕೊಂದು ಕೈ ಕೊಡದೆ ಬಿಡಿಬಿಡಿಯಾಗಿದ್ದವು. ಅಮ್ಮಿ ಯಾವಾಗ ಎದ್ದು ಬಂದರೋ, ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು.

"ಓದಲಿಕ್ಕಂತೂ ಬರ್ತದಲ್ಲ?"

"ಬರ್ತದ್ರಿ ಅಮ್ಮಿ. ಚಂದ ಇಲ್ಲ."

"ಚಂದ ಆಮ್ಯಾಲೆ," ಎಂದು ಅಮ್ಮಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಫರಹತ ಹಾರ್ಫ್‌ಬಝ್ ಕಟ್ಟಲು ಹಾಕಿ, ಅದರ ಹಿಂದೆಯೇ ಪುಟ ಜೋಡಿಸುವ ಪ್ರೋಗ್ರಾಮನ್ನೂ ಸಾಲಿಗೆ ನಿಲ್ಲಿಸಿದಳು. ಆ ಮುದಿ ಯಂತ್ರಕ್ಕೆ ಅದು ಇಡೀ ದಿನದ ಕೆಲಸ. ಅಷ್ಟರಲ್ಲಿ ಅಮ್ಮಿ ಬುರ್ಖಾ ಹಾಕಿಕೊಂಡು, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅದನ್ನು ಅದರ ಪಾಡಿಗೆ ಬಿಟ್ಟು ನೀನೂ ಬಾ, ಒಂದು ಕಡೆ ಹೋಗಿ ಬರೋಣ ಎಂದರು. ಎಲ್ಲಿಗೆ ಎಂದು ಫರಹತ ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ತಿರುಗಿಬಿಡುತ್ತದೋ ಎಂದು ಹೆದರಿ, ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟಳು.

ಭಾಲ್ಕಿಯ ಬಸ್ಸಿನಲ್ಲಿ ಅಮ್ಮಿ ಕಿಟಕಿಯ ಹತ್ತಿರ ಕೂತರು. ಹೊಲಗಳಲ್ಲಿ ತೊಗರಿ ಕಾಯಿಕಟ್ಟಿತ್ತು, ಕಡಲೆ ಹಸಿರಾಗಿತ್ತು. ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು. ನಾನು ಎದ್ದವಳಲ್ಲ, ಎಬ್ಬಿಸುವ ಹಕ್ಕು ನನಗಿಲ್ಲ, ಅಲ್ಲವೇನು ಎಂದು ಕೇಳಿದರು. ಫರಹತ ಅಮ್ಮಿಯ ಚೀಲದ ಮೇಲಿದ್ದ ಕೈಯ ಮೇಲೆ ತನ್ನ ಕೈ ಇಟ್ಟು ಕೂತಳು. ಒಂದು ಎಡವಟ್ಟು ಮಾತಿನಿಂದ ಖಾಲಾ ಬಾಗಿಲು ಹಾಕಿಕೊಂಡರೆ ಅಮ್ಮಿ ಮತ್ತೆ ಈ ಬಸ್ಸು ಹತ್ತುವವರಲ್ಲ ಎಂದು ಅವಳಿಗೆ ಗೊತ್ತಿತ್ತು.

ಖಾಲಾನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಗೆ ಆನಿಸಿದ ಚಾಪೆಯ ಮೇಲೆ ಖಾಲಾ ಕೂತಿದ್ದರು. ಇದ್ದತ್ತಿನಲ್ಲಿ ಕೂತ ಚಾಪೆ ಅದೇ ಎಂದು ಆಮೇಲೆ ಏಜಾಜ ಹೇಳಿದ; ಎರಡು ವರ್ಷದಿಂದ ಅದನ್ನು ಸುತ್ತಿಡಲು ಬಿಟ್ಟಿರಲಿಲ್ಲವಂತೆ. ಬಾಗಿಲಲ್ಲಿ ಅಕ್ಕನನ್ನು ಕಂಡು ಖಾಲಾ ಏಳಲಿಲ್ಲ. ಬಾ ಎನ್ನಲಿಲ್ಲ. ದುಪಟ್ಟಾದ ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡುತ್ತ ಉಳಿದರು.

"ನಿನ್ನನ್ನ ಯಾರು ಎಬ್ಬಿಸ್ಯಾರ ಆಪಾ?" ಎಂದು ಕೊನೆಗೆ ಕೇಳಿದರು.

"ಯಾರೂ ಎಬ್ಬಿಸಿಲ್ಲ."

"ಮತ್ತ ಹ್ಯಾಂಗ ಬಂದಿ?"

"ಹಾಂಗೇ ಬಂದೀನಿ. ಅರ್ಧಾ ಬಂದೀನಿ, ಕುಲಸುಮ. ಇನ್ನರ್ಧ ನಿನ್ನ ಕೈಯಾಗದ."

ಖಾಲಾ ಹಿಂದಿನ ದಿನ ಫೋನಿನ ಮಾತು ಕೇಳಿಸಿಕೊಂಡವರಲ್ಲವೇ, ತಿಳಿಯದೆ ಹೋಗಲಿಲ್ಲ. ಸೆರಗು ಬಾಯಿಂದ ಕಣ್ಣಿಗೆ ಹೋಯಿತು. ಅಮ್ಮಿ ಚೀಲದಿಂದ ಒಂದು ಸೀರೆ ತೆಗೆದರು. ತಿಳಿ ಹಸಿರು ಬಣ್ಣ, ಸಣ್ಣ ಅಂಚು. ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿತ್ತು. ಹಿಂದಿನ ಸಂಜೆ ಕೊಂಡ ಸೀರೆ ಅಲ್ಲ ಅದು, ತಂಗಿಯ ಇದ್ದತ್ ಮುಗಿಯುವ ವಾರ ಅಮ್ಮಿ ಬಜಾರಕ್ಕೆ ಹೋಗಿ ತಂದು ಸಂದೂಕಿನ ತಳದಲ್ಲಿ ಇಟ್ಟದ್ದು. ಹೋಗುವುದಿಲ್ಲ ಎಂದು ಹಟ ಹಿಡಿದ ವಾರವೂ ಅದೇ. ಒಂದೇ ವಾರದಲ್ಲಿ ಎರಡೂ ಮಾಡಿದ ತನ್ನ ತಾಯಿಯ ಮೇಲೆ ಫರಹತಳಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಮರುಕ ಬಂತು.

ಅಮ್ಮಿ ಬಗ್ಗಿ ಸೀರೆಯನ್ನು ತಂಗಿಯ ಹೆಗಲಿಗೆ ಹೊದಿಸಿ ಎರಡೂ ಕೈ ಹಿಡಿದರು. ಏಳು ಎಂದರು. ಖಾಲಾ ಎದ್ದರು. ಆಮೇಲೆ ಅವರಿಬ್ಬರೂ ಅತ್ತ ಅಳು ಕೇಳಿ ಏಜಾಜ ಅಂಗಡಿ ಬಿಟ್ಟು ಓಡಿ ಬಂದ, ಬಂದವನು ಹೊಸ್ತಿಲಲ್ಲೇ ನಿಂತ. ನಜಮೋದ್ದೀನರಿಗಾಗಿ ತಂಗಿ ಅಳಬೇಕಾಗಿದ್ದ ಅಳು, ಕಲೀಮರಿಗಾಗಿ ಅಕ್ಕ ಅಳಬೇಕಾಗಿದ್ದ ಅಳು, ಎರಡೂ ಒಟ್ಟಿಗೆ ಬಂದಿದ್ದವು. ಯಾವುದು ಯಾರದೆಂದು ಬೇರೆ ಮಾಡುವ ಹಾಗಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಊಟ ಮಾಡಿ, ಸಂಜೆಯವರೆಗೆ ಕೂತು, ಮದುವೆಗೆ ಕರೆದು ಬರಬೇಕಷ್ಟೇ. ಅಮ್ಮಿ ಹಾಗೆ ಮಾಡಲಿಲ್ಲ. ಒಂದು ಲೋಟ ನೀರು ಕುಡಿದು, ಹೊರಡೋಣ ಎಂದು ಎದ್ದರು. ನಾಹೀದಳ ಮದುವೆಯ ಮಾತು ಫರಹತಳ ಬಾಯಿಗೆ ಬಂದಿತ್ತು. ಅಮ್ಮಿ ಕಣ್ಣಲ್ಲೇ ತಡೆದರು. ಬಸ್ಸಿನಲ್ಲಿ ಯಾಕೆ ಎಂದು ಕೇಳಿದ್ದಕ್ಕೆ, ನಾನಿನ್ನೂ ಕೂತವಳು, ಕೂತವಳ ಬಾಯಿಂದ ಲಗ್ನಕ್ಕೆ ಕರೆಯುವುದು ಬೇಡ ಎಂದರು. ಇಷ್ಟು ದೂರ ಬಂದರೂ ರೂಢಿಯನ್ನು ಪೂರ್ತಿ ಬಿಟ್ಟಿರಲಿಲ್ಲ. ಒಂದು ಕೊಂಡಿಯನ್ನಷ್ಟೇ ಬಿಟ್ಟಿದ್ದರು, ಅದೂ ಒಂದು ಸಲದ ಮಟ್ಟಿಗೆ.

ಮನೆಗೆ ಬಂದಾಗ ಹಾರ್ಫ್‌ಬಝ್ ಕಟ್ಟಿ ಮುಗಿದಿತ್ತು. ಪುಟ ಜೋಡಿಸುವ ಪ್ರೋಗ್ರಾಮೂ ತೆರೆಯಿತು. ಒತ್ತುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತಿದ್ದವು, ಉರ್ದು ಕೈ ಹಿಡಿದುಕೊಂಡಿತ್ತು. ಇನ್ನು ಫ್ರೀಟೈಪನ್ನು ಎರಡನೆಯ ಸಲ ಕಟ್ಟದಿದ್ದರೂ ನಡೆಯುತ್ತಿತ್ತು. ಅಕ್ಷರದ ಅಂಚು ಸ್ವಲ್ಪ ಒರಟಾಗಿ ಕಾಣುತ್ತಿತ್ತು, ಅಷ್ಟೇ, ಅದನ್ನು ಗುರುತಿಸುವವರು ಬೀದರಿನಲ್ಲಿ ಇಬ್ಬರೋ ಮೂವರೋ. ಆದರೂ ಫರಹತ ಆ ದಿನ ಅದನ್ನು ಮುಟ್ಟಲಿಲ್ಲ. ಖಾಲಾ ಬರುವ ತನಕ ಕಾಯಬೇಕು ಎಂದು ಅವಳಿಗೆ ಅನಿಸಿತು. ಯಂತ್ರಕ್ಕೂ ಖಾಲಾನಿಗೂ ಏನು ಸಂಬಂಧ ಎಂದು ಕೇಳಿದರೆ ಅವಳೂ ಹೇಳಲಾರಳು.

ಮರುದಿನ ಖಾಲಾ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅಮ್ಮಿ ರಸ್ತೆಯಲ್ಲಿ ಬಸ್ಸು ನಿಂತ ಸದ್ದಾದಾಗಲೆಲ್ಲ ಕೈಯಲ್ಲಿದ್ದದ್ದನ್ನು ಕೆಳಗಿಡುತ್ತಿದ್ದರು. ಅಚ್ಚಿನವನು ಎರಡು ಸಲ ಫೋನು ಮಾಡಿ ಕಾರ್ಡು ಕೇಳಿದ. ಏಜಾಜನಿಗೆ ಕೇಳೋಣವೇ ಎಂದು ಫರಹತ ಫೋನು ಕೈಗೆತ್ತಿಕೊಂಡು ಮತ್ತೆ ಇಟ್ಟಳು. ತಾವಾಗಿಯೇ ಹೋಗಿ ಅರ್ಧವಾಗಿ ಬಂದ ಅಮ್ಮಿಯನ್ನು ಖಾಲಾ ಅರ್ಧದಲ್ಲೇ ಬಿಟ್ಟುಬಿಟ್ಟರೆ ಗತಿ ಏನು ಎಂದು ಅವಳಿಗೆ ಮೊದಲ ಸಲ ನಿಜವಾದ ಭಯವಾಯಿತು.

ಶುಕ್ರವಾರ ಜುಮ್ಮಾದ ಅಜಾನ್ ಆದ ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳಾಯಿತು. ಖಾಲಾ ಬಂದಿದ್ದರು, ಹಸಿರು ಸೀರೆ ಉಟ್ಟು. ಹಿಂದೆ ಏಜಾಜ ಒಂದು ಡಬ್ಬಿ ಹಿಡಿದುಕೊಂಡು ನಿಂತಿದ್ದ. ತಡವಾದದ್ದಕ್ಕೆ ಕಾರಣವನ್ನು ಅವನೇ ಹೇಳಿದ. ಹೊಸ ಸೀರೆಗೆ ರವಿಕೆ ಹೊಲಿಸದೆ ಅಕ್ಕನ ಮನೆಗೆ ಹೇಗೆ ಹೋಗಲಿ ಎಂದು ಹಟ ಹಿಡಿದು, ಭಾಲ್ಕಿಯ ಟೇಲರನ ಜೀವ ತಿಂದು ಮುಗಿಸಿದ್ದರು. ಭಯದಲ್ಲಿ ಒಣಗಿದ್ದ ಫರಹತಳಿಗೆ ನಗುವೂ ಅಳುವೂ ಕೂಡಿ ಬಂದವು.

ಖಾಲಾ ಒಳಗೆ ಬಂದವರೇ ಆಪಾ ಎಲ್ಲಿ ಕೂತಿದ್ದಳು ಎಂದು ಕೇಳಿದರು. ಫರಹತ ಹಿಂದಿನ ಕೋಣೆಯ ಕಿಟಕಿಯ ಕೆಳಗೆ ತೋರಿಸಿದಳು. ಅಮ್ಮಿ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ಅಲ್ಲಿ ಹೋಗಿ ನೆಲದ ಮೇಲೆ ಕೂತರು. ಖಾಲಾ ಚೀಲ ಬಿಚ್ಚಿ ಸೀರೆ ತೆಗೆದರು. ಅದರ ಮಡಿಕೆಗಳಲ್ಲೂ ಬಣ್ಣ ಮಾಸಿತ್ತು.

"ಏಳು ಆಪಾ. ತಡ ಆಯ್ತು. ಮಾಫ್ ಮಾಡು."

ಎರಡು ವರ್ಷದಿಂದ ಅಡುಗೆ ಮಾಡುತ್ತ, ಬಜಾರ ತಿರುಗುತ್ತ, ಮಗಳಿಗೆ ಗಂಡು ಹುಡುಕುತ್ತ ಓಡಾಡಿದ ಅಮ್ಮಿ, ಆ ದಿನ ಎದ್ದರು. ಫರಹತ ಪಕ್ಕದಲ್ಲೇ ಇದ್ದಳು, ಕಣ್ಣಾರೆ ಕಂಡಳು. ಮೊಣಕಾಲಿನ ನೋವಿನ ಮಾತನ್ನು ಆಮೇಲೆ ಯಾರೂ ಕೇಳಲಿಲ್ಲ, ಅಮ್ಮಿಯೂ ಹೇಳಲಿಲ್ಲ.

ಅವರಿಬ್ಬರನ್ನು ಅಲ್ಲೇ ಬಿಟ್ಟು ಫರಹತ ಮುಂದಿನ ಕೋಣೆಗೆ ಬಂದು ಫ್ರೀಟೈಪನ್ನು ಮತ್ತೊಂದು ಸಲ ಕಟ್ಟಲು ಹಾಕಿದಳು. ಏಜಾಜ ಪಕ್ಕದಲ್ಲಿ ನಿಂತು ನೋಡಿದ. ದೋಷವಿಲ್ಲದೆ ಮುಗಿಯಿತು. ಅಕ್ಷರದ ಅಂಚು ನುಣ್ಣಗೆ ತಿರುಗಿತ್ತು.

ಊಟದ ನಂತರ ಅಕ್ಕತಂಗಿಯರು ಕಾರ್ಡು ನೋಡಲು ಬಂದರು. ಖಾಲಾನಿಗೊಂದು ಕಾರ್ಡನ್ನು ಅಚ್ಚಾದ ದಿನವೇ ಒಯ್ದು ಕೊಡುತ್ತೇನೆ ಎಂದು ಫರಹತ ಹೇಳಿದಾಗ ಅಮ್ಮಿ ಅವಳನ್ನು ತಡೆದರು.

"ಅಕಿಗಿ ಕಾರ್ಡು ಯಾಕ? ಅಕಿ ಕರಿಯೋಕಿ. ಆ ಖಾಲಿ ಜಾಗದಾಗ ನನ್ನ ಹೆಸರಿನ ಜೋಡಿ ಅಕಿ ಹೆಸರು ಹಾಕು."

ಖಾಲಾ ಆ ಖಾಲಿ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಆಪಾನ ಹೆಸರು ಮೊದಲು ಹಾಕು ಎಂದರು. ಅಮ್ಮಿ, ಇಲ್ಲ, ಕುಲಸುಮಳದು ಮೊದಲು ಎಂದರು. ಹಿರಿಯಳದು ಮೊದಲಿರಬೇಕು ಎಂದು ತಂಗಿ, ನನ್ನನ್ನು ಎಬ್ಬಿಸಿದವಳದು ಮೊದಲಿರಬೇಕು ಎಂದು ಅಕ್ಕ. ಮತ್ತೆ ಶುರುವಾಯಿತಲ್ಲಪ್ಪ ಎಂದು ಏಜಾಜ ತಲೆ ಹಿಡಿದುಕೊಂಡ. ಫರಹತ ಯಂತ್ರದ ಮುಂದೆ ಕೂತು, ಕನ್ನಡದ ಭಾಗದಲ್ಲಿ ಕುಲಸುಮಬೀ, ಖುರ್ಷಿದ ಬೇಗಂ ಎಂದು ಬರೆದಳು. ಉರ್ದುವಿನ ಭಾಗದಲ್ಲಿ ಖುರ್ಷಿದ ಬೇಗಂ, ಕುಲಸುಮಬೀ ಎಂದು ಬರೆದಳು. ಅಮ್ಮಿ ಯಾವಾಗಲೂ ಕನ್ನಡದ ಕಡೆಯಿಂದ ಓದುವವರು, ಖಾಲಾ ಉರ್ದುವಿನ ಕಡೆಯಿಂದ. ಇಬ್ಬರೂ ಒಂದೇ ಕನ್ನಡಕವನ್ನು ಬದಲಿಸಿಕೊಂಡು ಓದಿ, ತಮ್ಮ ಮಾತೇ ನಡೆಯಿತೆಂದು ಸುಮ್ಮನಾದರು.

ಸಂಜೆ ಭಾಲ್ಕಿಯ ಬಸ್ಸಿಗೆ ಏಜಾಜ ಒಬ್ಬನೇ ಹತ್ತಿದ. ಬರುವಾಗ ಜೊತೆಗಿದ್ದ ನಿಮ್ಮ ಅಮ್ಮಿ ಎಲ್ಲಿ ಎಂದು ಕಂಡಕ್ಟರನು ಕೇಳಿದ್ದಕ್ಕೆ, ಮನೆಯಲ್ಲಿ ಮದುವೆ ಇದೆ, ಅವರು ಇನ್ನು ಮುಗಿಸಿಕೊಂಡೇ ಬರುತ್ತಾರೆ ಎಂದು ಹೇಳಿದ.